ಓಕ್ ಮರಕ್ಕೆ ಒಂದೇ ಹಗ್ಗ

‘ಎಂಜಿನಿಯರಿಂಗ್ ಓದಿಸಿದ್ದು ಮರ ಹತ್ತಲಾ ತಮಾ?’

ಆಯಿ ಫೋನಿನಲ್ಲಿ ಕೇಳಿದ ಈ ಪ್ರಶ್ನೆಗೆ ಎರಡು ವರ್ಷವಾದರೂ ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಲ್ಲಿ ಮರ ಹತ್ತೋದು ಕೊನೆಗೌಡರ ಕೆಲಸ. ಓದಿದ ಹುಡುಗರು ಕೆಳಗೆ ನಿಂತು ಲೆಕ್ಕ ಬರೀತಾರೆ. ನಾನೂ ಓದಿದೆ, ಬೆಂಗಳೂರಿಗೆ ಹೋದೆ, ಅಲ್ಲಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದು ಏಳು ವರ್ಷ ಸಾಫ್ಟ್‌ವೇರ್ ಬರೆದೆ. ಒಂದು ಸೋಮವಾರ ಬೆಳಿಗ್ಗೆ ನಮ್ಮ ಇಡೀ ಟೀಮಿಗೆ ಹದಿನೈದು ನಿಮಿಷದ ಮೀಟಿಂಗ್ ಬಂತು. ಮುಂದಿನದ್ದು ನಿಮಗೆ ಹೇಳೋದು ಬೇಡ.

ಕಾಯಂ ವಾಸದ ಪರವಾನಗಿ ಅಷ್ಟರಲ್ಲಿ ಕೈಗೆ ಸಿಕ್ಕಿದ್ದರಿಂದ ವೀಸಾ ಚಿಂತೆ ಇರಲಿಲ್ಲ. ಬೇರೆ ಕೆಲಸ ಹುಡುಕುತ್ತಾ ಮನೆಯಲ್ಲಿ ಕೂತಿದ್ದಾಗ ಪಕ್ಕದ ಹಿತ್ತಲಿನ ದೊಡ್ಡ ಮರದ ಕೊಂಬೆ ಇಳಿಸೋಕೆ ಮೂವರು ಬಂದರು. ನಾನು ಇಡೀ ದಿನ ಕಿಟಕಿಯಲ್ಲೇ ಇದ್ದೆ. ಸಂಜೆ ಹೋಗಿ ‘ಕೆಳಗಿನ ಕೆಲಸಕ್ಕೆ ಜನ ಬೇಕಾ?’ ಅಂದೆ. ಹಾಗೆ ಶುರುವಾಯ್ತು. ಒಂದೂವರೆ ವರ್ಷ ಸೊಪ್ಪು ಎಳೆದೆ, ಕೊಂಬೆಗಳನ್ನು ಪುಡಿ ಮಾಡುವ ಯಂತ್ರಕ್ಕೆ ತುಂಬಿದೆ, ಮೇಲಿದ್ದವರಿಗೆ ಗರಗಸ ಕಟ್ಟಿ ಕಳಿಸಿದೆ. ನಡುವೆ ಎರಡೆಳೆ ಹಗ್ಗದಲ್ಲಿ ಹತ್ತುವ ಮೊದಲ ತರಬೇತಿಯೂ ಆಯ್ತು. ಕಳೆದ ಅಕ್ಟೋಬರಿನಲ್ಲಿ, ಒಂದೇ ಹಗ್ಗದ ಮೇಲೆ ಹತ್ತುವ ವಿಧಾನ ಕಲಿಯೋಕೆ ಅಂತ ಮೂರು ದಿನಕ್ಕೆ ಫಾರೆಸ್ಟ್ ಆಫ್ ಡೀನ್‌ಗೆ ಹೋದೆ.

ಆ ಮೂರು ದಿನದ ಕಥೆ ಇದು. ಕಥೆಯ ಬುಡ ಮಾತ್ರ ನಮ್ಮ ತೋಟದಲ್ಲಿದೆ.

ಸೇತುವೆ ದಾಟಿದರೆ ಬೇರೆ ದೇಶ

ಬ್ರಿಸ್ಟಲ್‌ನಿಂದ ಹೊರಟರೆ ಮೊದಲು ಸಿಗೋದು ಸೆವೆರ್ನ್ ನದಿ. 1966ರಲ್ಲಿ ತೆರೆದ ತೂಗುಸೇತುವೆಯ ಮೇಲೆ ನಮ್ಮ ಹಳೇ ವ್ಯಾನು ಗಾಳಿಗೆ ಸ್ವಲ್ಪ ಓಲಾಡುತ್ತೆ. ಕೆಳಗೆ ನೀರಿಗಿಂತ ಕೆಸರೇ ಜಾಸ್ತಿ. ಜಗತ್ತಿನಲ್ಲೇ ಅತಿ ಹೆಚ್ಚು ಉಬ್ಬರ ಇಳಿತ ಇರುವ ಅಳಿವೆಗಳಲ್ಲಿ ಇದೂ ಒಂದು. ದೊಡ್ಡ ಉಬ್ಬರದ ದಿನ ನೀರು ಹದಿನಾಲ್ಕು ಮೀಟರಿನಷ್ಟು ಏರಿ ಇಳಿಯುತ್ತೆ. ಸೇತುವೆ ದಾಟಿದರೆ ಚೆಪ್‌ಸ್ಟೋ ಊರು. ಅದು ವೇಲ್ಸ್. ಬೋರ್ಡುಗಳು ಎರಡು ಭಾಷೆಯಲ್ಲಿ. ಐದು ನಿಮಿಷ ಬಿಟ್ಟು ವೈ ನದಿ ದಾಟಿದರೆ ಮತ್ತೆ ಇಂಗ್ಲೆಂಡ್. ಎರಡು ನದಿಗಳ ನಡುವೆ ಸಿಕ್ಕಿಕೊಂಡ ಈ ಎತ್ತರದ ನೆಲವೇ ಫಾರೆಸ್ಟ್ ಆಫ್ ಡೀನ್.

ರಸ್ತೆ ಬದಿಯ ಹುಲ್ಲನ್ನು ಯಾರೋ ಟಿಲ್ಲರ್ ಹೊಡೆದ ಹಾಗೆ ಮಗುಚಿದ್ದರು. ‘ಕಾಡುಹಂದಿ’ ಅಂದ ಜೊತೆಗಿದ್ದ ಹುಡುಗ. ನನಗೆ ನಗು ಬಂತು. ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರ ಬಂದರೂ ಹಂದಿ ಕಾಟ ತಪ್ಪಲಿಲ್ಲ! ಇಲ್ಲಿನ ಹಂದಿಗಳು ನೂರಾರು ವರ್ಷದ ಹಿಂದೆಯೇ ಅಳಿದು ಹೋಗಿದ್ದವಂತೆ. 1990ರ ದಶಕದಿಂದೀಚೆಗೆ ಸಾಕಿದ ಕಡೆಯಿಂದ ತಪ್ಪಿಸಿಕೊಂಡವು, ಯಾರೋ ತಂದು ಬಿಟ್ಟವು ಮತ್ತೆ ಸಂಸಾರ ಹೂಡಿವೆ. ಊರಿನ ನಡುವೆ ಕುರಿಗಳು ಬಸ್ ಸ್ಟಾಪಿನಲ್ಲಿ ಮಲಗಿರುತ್ತವೆ. ಹಾರ್ನ್ ಹೊಡೆದರೂ ಏಳಲ್ಲ.

ಈ ಕಾಡಿನ ಓಕ್ ಮರಗಳಿಗೆ ಒಂದು ತಮಾಷೆಯ ಚರಿತ್ರೆ ಇದೆ. 1802ರಲ್ಲಿ ನೌಕಾಪಡೆಯ ನೆಲ್ಸನ್ ಇಲ್ಲಿಗೆ ಬಂದು, ಹಡಗು ಕಟ್ಟೋಕೆ ಮರವೇ ಉಳಿದಿಲ್ಲ ಅಂತ ವರದಿ ಬರೆದರು. 1808ರಲ್ಲಿ ಕಾನೂನು ಬಂತು. ಹನ್ನೊಂದು ಸಾವಿರ ಎಕರೆಗೆ ಬೇಲಿ ಹಾಕಿ ಓಕ್ ಬೆಳೆಸೋಕೆ ಅಪ್ಪಣೆ ಆಯ್ತು. ಓಕ್ ಹಡಗಿಗೆ ಬಲಿಯೋಕೆ ನೂರು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಹಡಗುಗಳು ಕಬ್ಬಿಣದ್ದಾದವು. ಓಕ್ ಸಾಲದ ಆ ಕಾಲದಲ್ಲಿ ಬ್ರಿಟಿಷರು ಮಲಬಾರಿನ ತೇಗವನ್ನು ಮುಂಬೈಗೆ ಸಾಗಿಸಿ ಅಲ್ಲೇ ಹಡಗು ಕಟ್ಟಿಸಿದರು. 1817ರಲ್ಲಿ ಹಾಗೆ ಕಟ್ಟಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ. ನಮ್ಮ ಘಟ್ಟದ ತೇಗ ಹಡಗಾಯ್ತು. ಇಲ್ಲಿನ ಓಕ್ ಮರವಾಗೇ ಉಳಿದು ಇನ್ನೂರು ವರ್ಷದ ಮೇಲೆ ಶಿರಸಿಯ ಹುಡುಗನೊಬ್ಬನಿಗೆ ಪಾಠಕ್ಕೆ ಸಿಕ್ಕಿತು.

ಮೊದಲ ಪ್ರಶ್ನೆ

ನಾವು ನಾಲ್ವರು ಕಲಿಯುವವರು. ಒಬ್ಬ ಹೋಟೆಲಿನಲ್ಲಿ ಅಡುಗೆ ಮಾಡ್ತಿದ್ದವ, ಒಬ್ಬ ಮಾಜಿ ಸೈನಿಕ, ಒಬ್ಬಳು ಇನ್ನೂ ಇಪ್ಪತ್ತು ದಾಟದ ಹುಡುಗಿ, ಮತ್ತೆ ನಾನು. ಕಲಿಸುವವರು ಐವತ್ತು ದಾಟಿದ ಹೆಂಗಸು. ನನ್ನ ಭುಜದಷ್ಟು ಎತ್ತರ. ಮೂವತ್ತು ವರ್ಷದಿಂದ ಮರ ಹತ್ತುತ್ತಿದ್ದಾರೆ.

ನಾವು ಬೆಲ್ಟು ಕಟ್ಟಿ, ಹೆಲ್ಮೆಟ್ ಹಾಕಿ, ಉತ್ಸಾಹದಲ್ಲಿ ಸಾಲಾಗಿ ನಿಂತಿದ್ದೆವು. ಅವರು ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡು ಕೇಳಿದರು: ‘ಹತ್ತೋದು ಆಮೇಲೆ. ಮೇಲೆ ನಿಮಗೆ ಎಚ್ಚರ ತಪ್ಪಿದರೆ ಕೆಳಗೆ ಇಳಿಸೋರು ಯಾರು? ಹೇಗೆ?’

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

‘ಉತ್ತರ ಗೊತ್ತಿಲ್ಲದಿದ್ದರೆ ಹತ್ತೋ ಹಾಗಿಲ್ಲ.’

ಮೊದಲ ಒಂದು ಗಂಟೆ ಬರೀ ಇದೇ. ಈ ಜಾಗದ ನಿಖರ ಗುರುತು ಏನು, ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಗೇಟಿನ ಬೀಗದ ಕೈ ಯಾರ ಜೇಬಿನಲ್ಲಿದೆ, ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವ್ಯಾನಿನ ಗಾಜಿಗೆ ಅಂಟಿಸಿದೆವು. ಬ್ರಿಟನ್ನಿನಲ್ಲಿ 2005ರಿಂದ ಎತ್ತರದ ಕೆಲಸಕ್ಕೇ ಪ್ರತ್ಯೇಕ ನಿಯಮಗಳಿವೆ. ಕೆಲಸ ಶುರು ಮಾಡೋಕೆ ಮೊದಲೇ ರಕ್ಷಣೆಯ ಯೋಜನೆ ಇರಬೇಕು. ಮರ ಹತ್ತುವಾಗ ಕೆಳಗೆ ಇನ್ನೊಬ್ಬರು ಇರಲೇಬೇಕು, ಹತ್ತಿ ಇಳಿಸೋಕೆ ಬರುವವರು ಕೈಗೆಟಕುವಷ್ಟು ಹತ್ತಿರ ಇರಬೇಕು. ಹಗ್ಗ, ಬೆಲ್ಟು, ಕೊಂಡಿಗಳನ್ನು ಆರು ತಿಂಗಳಿಗೊಮ್ಮೆ ತಿಳಿದವರು ಪರೀಕ್ಷಿಸಬೇಕು.

ಆಮೇಲೆ ಮರ ನೋಡೋಕೆ ಹೊರಟೆವು. ಮೊದಲ ಮರ ಆ್ಯಶ್. ಮೇಲಿನ ರೆಂಬೆಗಳು ಬೋಳಾಗಿದ್ದವು. 2012ರಲ್ಲಿ ಈ ದೇಶದಲ್ಲಿ ಮೊದಲು ಪತ್ತೆಯಾದ ಶಿಲೀಂಧ್ರ ರೋಗ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದೆ. ರೋಗ ಬಂದ ಆ್ಯಶ್ ಬಾಗಲ್ಲ, ಹಪ್ಪಳದ ಹಾಗೆ ಮುರಿಯುತ್ತೆ. ‘ಇದನ್ನ ಹತ್ತಬೇಡಿ. ಯಂತ್ರದ ತೊಟ್ಟಿಲು ತರಿಸಿ’ ಅಂದರು. ಎರಡನೆಯದು ಬೀಚ್. ಸುಂದರ ಮರ, ಬೂದು ಬಣ್ಣದ ನುಣುಪು ಕಾಂಡ. ಅವರು ಬುಡದ ಎಲೆ ಸರಿಸಿದರು. ಸುಟ್ಟ ಇದ್ದಿಲಿನ ಹಾಗೆ ಕಪ್ಪು ಅಣಬೆ ಅಂಟಿಕೊಂಡಿತ್ತು. ಒಂದು ಮಾತೂ ಆಡದೆ ಮುಂದೆ ನಡೆದರು.

ಮೂರನೆಯದು ಓಕ್. ಅವರು ರಬ್ಬರ್ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಕಿವಿಗೊಟ್ಟರು. ನಮ್ಮ ಕೊನೆಗೌಡ ಹೀಗೇ ಮಾಡ್ತಿದ್ದ. ಹತ್ತುವ ಮೊದಲು ಅಂಗೈಯಿಂದ ಅಡಿಕೆ ಮರಕ್ಕೆ ಎರಡು ಪೆಟ್ಟು ಹೊಡೆದು, ತಲೆ ಎತ್ತಿ ತುದಿ ನೋಡ್ತಿದ್ದ. ಅದು ದೇವರಿಗೆ ಕೈಮುಗಿಯೋ ಥರ ಏನೋ ಶಾಸ್ತ್ರ ಅಂದುಕೊಂಡಿದ್ದೆ. ಓಕ್ ಮರದಡಿ ನಿಂತಾಗ ತಿಳೀತು, ಅದು ಪರೀಕ್ಷೆ.

ಚೀಲ ಎಸೆಯುವ ವಿದ್ಯೆ

ಒಂಟಿ ಹಗ್ಗದ ವಿಧಾನವನ್ನ ಹೀಗೆ ಹೇಳಬಹುದು. ಹಳೆಯ ವಿಧಾನದಲ್ಲಿ ಹಗ್ಗ ಕೊಂಬೆಯ ಮೇಲಿಂದ ಇಳಿದು ಎರಡೂ ಎಳೆ ನಮ್ಮ ಸೊಂಟದ ಬೆಲ್ಟಿಗೇ ಬರುತ್ತೆ. ಬಾವಿಯ ರಾಟೆ ಇದ್ದ ಹಾಗೆ. ಒಂದು ಮೀಟರ್ ಮೇಲೇರೋಕೆ ಎರಡು ಮೀಟರ್ ಹಗ್ಗ ಎಳೀಬೇಕು. ಭಾರ ಹಗುರ, ಆದರೆ ದುಡಿಮೆ ತೋಳಿನದು. ಇಪ್ಪತ್ತು ಮೀಟರ್ ಮೇಲೆ ಹೋಗೋವಷ್ಟರಲ್ಲಿ ತೋಳು ಸತ್ತು ಹೋಗಿರುತ್ತೆ, ನಿಜವಾದ ಕೆಲಸ ಇನ್ನೂ ಶುರುವೇ ಆಗಿರಲ್ಲ. ಒಂಟಿ ಹಗ್ಗದಲ್ಲಿ ಹಗ್ಗ ಕದಲಲ್ಲ, ನಾವು ಅದರ ಮೇಲೆ ಹೋಗ್ತೀವಿ. ದುಡಿಮೆ ಕಾಲಿನದು. ಗುಹೆ, ಬಂಡೆಗಳಲ್ಲಿ ಹಗ್ಗ ಹಿಡಿದು ಓಡಾಡುವವರು ಮೊದಲಿಂದ ಮಾಡುತ್ತಿದ್ದುದೇ ಇದು.

ಮೊದಲ ಕೆಲಸ ಹಗ್ಗವನ್ನ ಕೊಂಬೆಗೆ ಮುಟ್ಟಿಸೋದು. ಮುನ್ನೂರು ನಾನೂರು ಗ್ರಾಂ ತೂಕದ, ಬದನೆಕಾಯಿ ಆಕಾರದ ಪುಟ್ಟ ಚೀಲಕ್ಕೆ ಜಾರುವ ತೆಳು ದಾರ ಕಟ್ಟಿ, ಎರಡು ಕಾಲಿನ ನಡುವೆ ತೂಗಿ ಮೇಲೆ ಎಸೀಬೇಕು. ಬೇಕಾದ ಕವಲಿನ ಮೇಲೆ ದಾರ ದಾಟಿದರೆ, ಅದರ ಬಾಲಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದುಕೊಳ್ಳೋದು. ಕೇಳೋಕೆ ಸುಲಭ. ನನ್ನ ಮೊದಲ ಚೀಲ ನನ್ನ ತಲೆಗೇ ಬಿತ್ತು. ಹೆಲ್ಮೆಟ್ ಯಾಕೆ ಅಂತ ಆಗ ಗೊತ್ತಾಯ್ತು. ಹದಿನಾರನೇ ಸಲಕ್ಕೆ ಕವಲು ಸಿಕ್ಕಿತು. ಇಪ್ಪತ್ತು ದಾಟದ ಆ ಹುಡುಗಿ ಎರಡನೇ ಸಲಕ್ಕೇ ಹಾಕಿದಳು.

ಹಗ್ಗ ಕಟ್ಟೋದರಲ್ಲಿ ಎರಡು ದಾರಿ. ಮೇಲೆ ಕವಲಿಗೇ ಗಂಟು ಬಿಗಿಯಬಹುದು. ಇಲ್ಲವೇ ಹಗ್ಗವನ್ನ ಕವಲಿನ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನ ಮರದ ಬುಡಕ್ಕೆ ಕಟ್ಟಬಹುದು. ಬುಡಕ್ಕೆ ಕಟ್ಟಿದರೆ ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಬೇಕು. ನನ್ನ ತೂಕ 72 ಕೆಜಿ. ನಾನು ಈ ಕಡೆ ನೇತಾಡಿದರೆ, ಬುಡಕ್ಕೆ ಕಟ್ಟಿದ ಎಳೆಯೂ ಆ ಕಡೆ ಹೆಚ್ಚುಕಡಿಮೆ ಅಷ್ಟೇ ಜಗ್ಗುತ್ತೆ. ಕವಲಿನ ಮೇಲೆ ಬೀಳೋದು 144 ಕೆಜಿ ಹತ್ತಿರ. ಅದಕ್ಕೇ ಹತ್ತುವ ಮೊದಲು ಇಬ್ಬರು ಹಗ್ಗಕ್ಕೆ ಜೋತು ಬಿದ್ದು ಜಗ್ಗಿ ನೋಡ್ತಾರೆ. ಮುರಿಯೋದಿದ್ದರೆ ನಾವು ನೆಲದ ಮೇಲಿದ್ದಾಗಲೇ ಮುರೀಲಿ.

ಭಾರ ಎರಡರಷ್ಟಾದರೂ ಬುಡಕ್ಕೆ ಯಾಕೆ ಕಟ್ಟಬೇಕು? ಅದರಲ್ಲೇ ಬೆಳಗಿನ ಪ್ರಶ್ನೆಗೆ ಉತ್ತರ ಇತ್ತು. ಬುಡದಲ್ಲಿ ಸುಮ್ಮನೆ ಗಂಟು ಹಾಕದೆ, ಎಂಟಂಕಿಯ ಆಕಾರದ ಒಂದು ಲೋಹದ ಬಳೆಯಲ್ಲಿ ಹಗ್ಗ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ಭದ್ರ ಮಾಡಿ, ಮಿಕ್ಕ ಹಗ್ಗವನ್ನ ಪಕ್ಕದ ಚೀಲದಲ್ಲಿ ಇಡ್ತಾರೆ. ಮೇಲಿದ್ದವರಿಗೆ ಎಚ್ಚರ ತಪ್ಪಿದರೆ, ಕೆಳಗಿದ್ದವರು ಕಟ್ಟು ಬಿಚ್ಚಿ, ನೆಲದ ಮೇಲೆ ನಿಂತೇ ಹಗ್ಗ ಸಡಿಲ ಬಿಡುತ್ತಾ ಇಳಿಸಬಹುದು. ಅದಕ್ಕೆ ಮರದ ಎತ್ತರದ ಮೂರರಷ್ಟು ಉದ್ದದ ಹಗ್ಗ ಬೇಕು. ಹತ್ತೋಕೆ ಎರಡು ಪಾಲು, ಇಳಿಸೋಕೆ ಒಂದು ಪಾಲು.

‘ಈ ಮೂರನೇ ಪಾಲು ಬಹಳ ಜನಕ್ಕೆ ದಂಡ ಅನ್ನಿಸುತ್ತೆ. ಭಾರ ಅಂತ ವ್ಯಾನಿನಲ್ಲೇ ಬಿಟ್ಟು ಬರ್ತಾರೆ’ ಅಂದರು ಗುರುಗಳು.

ಹಗ್ಗದ ಮೇಲೆ ನಡಿಗೆ

ಎರಡನೇ ದಿನ ಹತ್ತಿದೆವು. ಒಂದು ಪಾದದ ಬೂಟಿಗೆ ಹಲ್ಲಿನ ಹಿಡಿಕೆ, ಇನ್ನೊಂದು ಮೊಣಕಾಲಿನ ಹತ್ತಿರ ಇಲಾಸ್ಟಿಕ್‌ಗೆ ಕಟ್ಟಿದ ಹಿಡಿಕೆ. ಎರಡೂ ಹಗ್ಗದ ಮೇಲೆ ಮೇಲಕ್ಕೆ ಜಾರುತ್ತವೆ, ಕೆಳಗೆ ಜಾರಲ್ಲ. ಎಡ, ಬಲ, ಎಡ, ಬಲ. ಮೆಟ್ಟಿಲು ಹತ್ತಿದ ಹಾಗೆ. ಮೊದಲ ಹತ್ತು ಹೆಜ್ಜೆ ಗಾಣದೆತ್ತಿನ ಹಾಗೆ ಗಿರಗಿರ ಸುತ್ತಿದೆ. ಹನ್ನೊಂದನೇ ಹೆಜ್ಜೆಗೆ ಮೈ ಲಯ ಹಿಡೀತು. ಹಳೇ ವಿಧಾನದಲ್ಲಿ ಕಾಲು ಗಂಟೆ ಹಿಡಿಯುತ್ತಿದ್ದ ಎತ್ತರ ಮೂರು ನಿಮಿಷದಲ್ಲಿ ಮುಗೀತು.

ಹತ್ತೋದು ಸರಿ. ಆದರೆ ಮರದ ಕೆಲಸದವರು ಒಂದು ಸಲ ಹತ್ತಿ ಒಂದು ಸಲ ಇಳಿಯೋದಲ್ಲ. ಎರಡು ಮೀಟರ್ ಇಳಿ, ಕೊಂಬೆಯ ಮೇಲೆ ನಡಿ, ಮತ್ತೆ ಒಂದು ಮೀಟರ್ ಏರು, ದಿನವಿಡೀ ಇದೇ. ಹಗ್ಗಕ್ಕೆ ಸುತ್ತಿದ ಉಜ್ಜುಗಂಟು ಈ ಕೆಲಸಕ್ಕೆ ಇರೋದು; ಭಾರ ಬಿದ್ದರೆ ಬಿಗಿಯುತ್ತೆ, ಬೆರಳಿಂದ ಒತ್ತಿದರೆ ಸಡಿಲಾಗುತ್ತೆ. ಎರಡೆಳೆಯಲ್ಲಿ ಅದರ ಮೇಲೆ ಬೀಳೋದು ಅರ್ಧ ಭಾರ. ಒಂಟಿ ಹಗ್ಗದಲ್ಲಿ ಪೂರ್ತಿ ಭಾರ ಬಿದ್ದು ಗಂಟು ಕಚ್ಚಿಕೊಂಡುಬಿಡುತ್ತೆ. 2010ರ ಸುಮಾರಿಗೆ ಅಮೆರಿಕದ ಕೆವಿನ್ ಬಿಂಗ್‌ಹ್ಯಾಮ್ ಎಂಬ ಮರ ಹತ್ತುವವರೇ ಇದಕ್ಕೊಂದು ಉಪಾಯ ಕಂಡುಹಿಡಿದರು. ಹೆಸರು ‘ರೋಪ್ ರೆಂಚ್’, ಅಂಗೈಯಷ್ಟು ದೊಡ್ಡ ಲೋಹದ ತುಂಡು. ಗಂಟಿನ ಮೇಲೆ ಕೂತು ಹಗ್ಗವನ್ನ ಸ್ವಲ್ಪ ಬಾಗಿಸಿ, ಒಂದಷ್ಟು ಭಾರ ತಾನು ಹೊರುತ್ತೆ. ಗಂಟು ಮತ್ತೆ ಮಾತು ಕೇಳುತ್ತೆ. ಇದು ಬಂದ ಮೇಲೆ ಒಂಟಿ ಹಗ್ಗ ಬರೀ ಹತ್ತುವ ಏಣಿಯಾಗಿ ಉಳಿಯದೆ, ಕೆಲಸ ಮಾಡುವ ಜಾಗವೂ ಆಯ್ತು.

ಅಂದಹಾಗೆ, ‘ಒಂಟಿ’ ಅಂದ್ರೆ ಜೀವ ಒಂದೇ ಹಗ್ಗದ ಮೇಲೆ ಅಂತ ಅರ್ಥ ಅಲ್ಲ. ಗರಗಸ ಕೈಗೆ ಬಂದಾಗ ಎರಡನೇ ಆಧಾರವೊಂದು ಬೇಕು. ಬ್ಲೇಡು ಮುಟ್ಟಿದರೆ ಯಾವ ಹಗ್ಗವೂ ಉಳಿಯಲ್ಲ.

ಹದಿನೆಂಟು ಮೀಟರ್ ಮೇಲೆ, ಇನ್ನೂರು ವರ್ಷದ ಕವಲಿನಲ್ಲಿ ಕೂತು ಸುತ್ತ ನೋಡಿದೆ. ಕಾಡೆಲ್ಲ ಅರಿಶಿನ, ತಾಮ್ರ. ದೂರದಲ್ಲಿ ಸೆವೆರ್ನ್ ಬೆಳ್ಳಗೆ ಹೊಳೀತಿತ್ತು. ಗುರುಗಳು ಕೆಳಗಿಂದ ‘ಆ ಕೊಂಬೆಯ ತುದಿಗೆ ಹೋಗಿ ಎಲೆ ಮುಟ್ಟಿ ಬಾ’ ಅಂದರು. ಐದು ಮೀಟರ್ ಅಡ್ಡ ಕೊಂಬೆ. ಹಗ್ಗಕ್ಕೆ ಮೈಭಾರ ಕೊಟ್ಟು ಹಿಂದಕ್ಕೆ ವಾಲಿ, ಹೆಜ್ಜೆ ಹೆಜ್ಜೆ ಹೋಗಬೇಕು. ಮೂರು ಮೀಟರ್ ಹೋದೆ. ಕೊಂಬೆ ಅಲ್ಲಾಡಿತು. ನಾನು ಹಗ್ಗ ಬಿಟ್ಟು ಕೊಂಬೆಯನ್ನ ತಬ್ಬಿಕೊಂಡೆ.

ತಬ್ಬಿಕೊಂಡವನಿಗೆ ಮುಂದೆ ಹೋಗೋಕೂ ಆಗಲಿಲ್ಲ, ಹಿಂದೆ ಬರೋಕೂ ಆಗಲಿಲ್ಲ. ಕೆನ್ನೆಗೆ ತೊಗಟೆ ಒತ್ತುತ್ತಿತ್ತು. ಕೆಳಗಿಂದ ಶಾಂತವಾಗಿ ದನಿ ಬಂತು. ‘ಕೊಂಬೆ ಬಿಡು. ನಿನ್ನನ್ನ ಹಿಡಿದಿರೋದು ಹಗ್ಗ. ಕೈ ಸೋಲುತ್ತೆ, ಹಗ್ಗ ಸೋಲಲ್ಲ.’

ನಾಲ್ಕೈದು ನಿಮಿಷ ಬೇಕಾಯ್ತು ಬಿಡೋಕೆ.

ಆ ಅರ್ಧ ಗಂಟೆ

ಆ ರಾತ್ರಿ ನಿದ್ದೆ ಬರಲಿಲ್ಲ. ‘ಕೈ ಸೋಲುತ್ತೆ’ ಅನ್ನೋ ಮಾತು ಹಿಂದೆ ಒಮ್ಮೆ ಕೇಳಿದ್ದೆ.

ನನಗೆ ಹನ್ನೆರಡು ವರ್ಷ. ಆಗಸ್ಟ್ ತಿಂಗಳು, ಕೊಳೆ ರೋಗಕ್ಕೆ ಎರಡನೇ ಸಲ ಮದ್ದು ಹೊಡೆಸುವ ಹೊತ್ತು. ಮಳೆಗೆ ಮರಗಳೆಲ್ಲ ಪಾಚಿ ಕಟ್ಟಿ ಜಾರುತ್ತಿದ್ದವು. ನಮ್ಮ ಕೊನೆಗೌಡ ಕಾಲಿಗೆ ತಳೆ ಹಾಕಿ ಹತ್ತಿ, ಮರದಿಂದ ಮರಕ್ಕೆ ತೂಗಿ ದಾಟುತ್ತಾ ಮದ್ದು ಹೊಡೀತಿದ್ದ. ನಮಗಿಂತ ಎಷ್ಟೋ ದೊಡ್ಡವರನ್ನ ನಾವು ಮಕ್ಕಳೂ ‘ಗೌಡ, ಬಾರೋ’ ಅಂತ ಏಕವಚನದಲ್ಲೇ ಕರೀತಿದ್ದೆವು. ಈಗ ಬಹುವಚನದಲ್ಲಿ ಬರೀತೀನಿ. ಅವರು ನಲವತ್ತು ಅಡಿ ಮೇಲಿದ್ದಾಗ ಕಣಜದ ಹುಳ ಎದ್ದವು. ಮುಖ, ಕುತ್ತಿಗೆ, ಕೈ ಎಲ್ಲ ಕಡಿದವು. ಒಂದು ಕಾಲು ತಳೆಯಿಂದ ತಪ್ಪಿತು. ಅವರು ಮರವನ್ನ ತಬ್ಬಿ ನಿಂತುಬಿಟ್ಟರು. ಕಣ್ಣು ಊದಿ ಮುಚ್ಚಿಕೊಂಡಿತ್ತು. ಕೆಳಗೆ ಇಳಿಯೋ ಹಾಗೂ ಇರಲಿಲ್ಲ.

ಅಪ್ಪ ಇನ್ನೊಬ್ಬ ಕೊನೆಗೌಡರನ್ನ ಕರೀಲಿಕ್ಕೆ ಪಕ್ಕದೂರಿಗೆ ಓಡಿದರು. ಮನೆಯ ಏಣಿ ಅರ್ಧದವರೆಗೂ ಮುಟ್ಟಲಿಲ್ಲ. ಆಯಿ ಕಂಬಳಿ ತಂದಳು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತೆವು. ಕೊಟ್ಟಿಗೆಯಲ್ಲಿ ಒಳ್ಳೆ ಹಗ್ಗ ಸುರುಳಿ ಸುತ್ತಿ ಇತ್ತು. ಅದನ್ನ ಮೇಲೆ ಹೇಗೆ ಮುಟ್ಟಿಸೋದು ಯಾರಿಗೂ ತಿಳೀಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಮೇಲಿಂದ ಒಂದೇ ಮಾತು ಬಂತು. ‘ಕೈ ಸೋತು ಬಂತು ಹೆಗಡೇರೆ.’

ಕಂಬಳಿಯ ಅಂಚಿಗೆ ಬಡಿದು ಪಕ್ಕಕ್ಕೆ ಬಿದ್ದರು. ತೋಟಕ್ಕೆ ಹಾಸಿದ ಹಸಿ ಸೊಪ್ಪು ಜೀವ ಉಳಿಸಿತು. ಸೊಂಟ, ತೊಡೆ ಮುರಿದವು. ಮತ್ತೆಂದೂ ಮರ ಹತ್ತಲಿಲ್ಲ. ಅಪ್ಪ ಆಸ್ಪತ್ರೆ ಖರ್ಚು ಕೊಟ್ಟರು, ಕರೆಯುವ ಹಸುವೊಂದನ್ನ ಅವರ ಮನೆಗೆ ಹೊಡೆಸಿಕೊಟ್ಟರು. ಅಲ್ಲಿಗೆ ನಮ್ಮ ಮನೆಯಲ್ಲಿ ಆ ಮಾತು ನಿಂತಿತು. ಮುಂದಿನ ವರ್ಷ ಬೇರೆ ಕೊನೆಗೌಡರು ಬಂದರು. ಅದೇ ತಳೆ, ಅದೇ ಮರ. ಇಳಿಸೋದು ಹೇಗೆ ಅಂತ ಆಗಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಳಿಸುವ ದಿನ

ಮೂರನೇ ದಿನ ರಕ್ಷಣೆಯ ಪರೀಕ್ಷೆ. ಮಾಜಿ ಸೈನಿಕ ಹದಿನೈದು ಮೀಟರ್ ಮೇಲೆ ಹೋಗಿ ಎಚ್ಚರ ತಪ್ಪಿದವನ ಹಾಗೆ ತಲೆ ಜೋಲಿಸಿ ನೇತಾಡಿದ. ಬುಡದ ಹಗ್ಗ ಸಡಿಲಿಸಿ ಇಳಿಸೋ ಹಾಗಿಲ್ಲ, ಅವನ ಎರಡನೇ ಕಟ್ಟು ಕೊಂಬೆಗೆ ಸಿಕ್ಕಿಕೊಂಡಿದೆ ಅಂದರು ಗುರುಗಳು. ಅಂದ್ರೆ ನಾನೇ ಮೇಲೆ ಹೋಗಬೇಕು.

ಬೆಲ್ಟಿನಲ್ಲಿ ಅಲುಗಾಡದೆ ನೇತಾಡೋದು ತಾನೇ ಒಂದು ಅಪಾಯ. ಹೆಚ್ಚು ಹೊತ್ತು ಬಿಡೋ ಹಾಗಿಲ್ಲ. ಆದರೆ ಓಡೋ ಹಾಗೂ ಇಲ್ಲ. ಮೊದಲು ತುರ್ತು ಕರೆ. ಆಮೇಲೆ ಸುತ್ತ ಕಣ್ಣಾಡಿಸೋದು: ಮುರಿದ ಕೊಂಬೆ ಇದೆಯಾ, ಕರೆಂಟ್ ತಂತಿ ಇದೆಯಾ, ಅವನನ್ನ ಕೆಡವಿದ್ದು ಇನ್ನೂ ಮೇಲೇ ಇದೆಯಾ? ಆಮೇಲೆ ಮೊದಲೇ ಹಾಕಿಟ್ಟಿದ್ದ ಇನ್ನೊಂದು ಹಗ್ಗ. ಎಡ, ಬಲ, ಎಡ, ಬಲ. ಮೇಲೆ ಮುಟ್ಟಿದಾಗ ನನ್ನ ಬೆರಳು ನಡುಗುತ್ತಿದ್ದವು. ಅವನ ಊದಿಲ್ಲದ ಮುಖದಲ್ಲಿ ನನಗೆ ಬೇರೆ ಮುಖ ಕಾಣಿಸುತ್ತಿತ್ತು.

‘ಮಾತಾಡಿಸು. ಅವನಿಗೆ ಕೇಳಿಸ್ತಿದೆ ಅಂದುಕೊಂಡೇ ಮಾತಾಡು’ ಅಂತ ಕೆಳಗಿಂದ ದನಿ.

ಗೊತ್ತಿಲ್ಲದೇ ಬಾಯಿಂದ ಕನ್ನಡ ಬಂತು. ‘ಹೆದರಬೇಡ ಮಾರಾಯಾ, ಇಳಿಸ್ತೆ, ಇಳಿಸ್ತೆ.’ ಅವನ ಬೆಲ್ಟನ್ನ ನನ್ನದಕ್ಕೆ ಕೊಂಡಿ ಹಾಕಿದೆ. ಸಿಕ್ಕಿದ್ದ ಕಟ್ಟು ಬಿಡಿಸಿದೆ. ಗಂಟನ್ನ ಮೆಲ್ಲಗೆ ಒತ್ತಿದೆ. ಇಬ್ಬರೂ ಒಟ್ಟಿಗೆ ಇಳಿಯತೊಡಗಿದೆವು, ತೊಟ್ಟಿಲು ಇಳಿಸಿದ ಹಾಗೆ. ಅವನ ಬೂಟು ನೆಲ ಮುಟ್ಟಿದಾಗ ಗುರುಗಳು ಗಡಿಯಾರ ನೋಡಿದರು. ಹನ್ನೊಂದು ನಿಮಿಷ.

‘ಯಾವ ಭಾಷೆ ಅದು?’ ಅಂತ ಎಚ್ಚರ ತಪ್ಪಿದವ ಕಣ್ಣುಬಿಟ್ಟು ಕೇಳಿದ. ಎಲ್ಲರೂ ನಕ್ಕರು. ನಾನು ವ್ಯಾನಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತೆ.

ಅಪ್ಪೆಮಿಡಿ ಮರದಡಿ

ಫೆಬ್ರವರಿಯಲ್ಲಿ ರಜೆಗೆ ಊರಿಗೆ ಹೋದಾಗ ಬ್ಯಾಗಿನ ಅರ್ಧ ಹಗ್ಗವೇ ಇತ್ತು. ಕಸ್ಟಮ್ಸ್‌ನವರು ಎರಡು ಸಲ ಬಿಚ್ಚಿಸಿ ನೋಡಿದರು.

ಅಡಿಕೆಗೆ ಈ ವಿಧಾನ ಹೊಂದಲ್ಲ. ಕವಲಿಲ್ಲದ, ತೆಳ್ಳಗೆ ತೂಗುವ ಮರ; ಹಗ್ಗ ಹಾಯಿಸೋಕೆ ಜಾಗವೇ ಇಲ್ಲ. ಅಲ್ಲಿಗೆ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ತಾರೆ, ಮದ್ದು ಹೊಡೀತಾರೆ. ಒಳ್ಳೆಯದೇ ಆಯ್ತು. ಆದರೆ ಹಳ್ಳದ ದಂಡೆಯ ಅಪ್ಪೆಮಿಡಿ ಮರಗಳಿವೆಯಲ್ಲ? ಓಕ್‌ನಷ್ಟೇ ಎತ್ತರ, ಓಕ್‌ನ ಹಾಗೇ ಹರಡಿದ ಕೊಂಬೆ. ಮಿಡಿ ನೆಲಕ್ಕೆ ಬಿದ್ದರೆ ಉಪ್ಪಿನಕಾಯಿ ಕೆಡುತ್ತೆ ಅಂತ ಮೇಲೆ ಹತ್ತಿ, ಕೊಂಬೆ ತುದಿಗೆ ಹೋಗಿ, ಕೊಯ್ದು ಚೀಲದಲ್ಲಿ ಇಳಿಸ್ತಾರೆ. ಮಿಡಿಗೆ ಹಗ್ಗ ಇದೆ. ಕೊಯ್ಯುವವರಿಗೆ ಇಲ್ಲ.

ನಮ್ಮ ಹಳೇ ಕೊನೆಗೌಡರ ಮಗ ಈಗ ಮಿಡಿ ಕೊಯ್ತಾನೆ. ‘ಅಣ್ಣಾ, ಹತ್ತೋದು ನಂಗೆ ಕಲಿಸ್ಬೇಡ, ನಾನೇ ನಿಂಗೆ ಕಲಿಸ್ತೆ’ ಅಂತ ನಕ್ಕ. ನಿಜವೇ. ಬರಿಗಾಲಲ್ಲಿ ಅವನು ಹೋದಲ್ಲಿಗೆ ನನ್ನ ಹಿಡಿಕೆಗಳೆಲ್ಲ ಸೇರಿದರೂ ಹೋಗಲಾರವು. ‘ಹತ್ತೋದು ಬೇಡ. ಇಳಿಸೋದು ಕಲಿ’ ಅಂದೆ.

ಚೀಲ ಎಸೆದೆ. ಏಳನೇ ಸಲಕ್ಕೆ ಬಿತ್ತು. ಇಬ್ಬರೂ ಜೋತು ಬಿದ್ದು ಜಗ್ಗಿ ನೋಡಿದೆವು. ಬುಡದಲ್ಲಿ ಎಂಟಂಕಿಯ ಬಳೆ ಕಟ್ಟಿ, ಮೂರನೇ ಪಾಲು ಹಗ್ಗವನ್ನ ಪಕ್ಕಕ್ಕೆ ಸುರುಳಿ ಇಟ್ಟೆ. ಕೋಲು ಊರಿಕೊಂಡು ಬಂದ ಕೊನೆಗೌಡರು ಕಲ್ಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು.

‘ಮೇಲಿದ್ದಂವ ಮಾತಾಡದೇ ಹೋದ್ರೂ ಇಳಿಸ್ಬೋದಾ ಸಣ್ಣ ಹೆಗಡೇರೆ?’

‘ಇಳಿಸ್ಬೋದು ಗೌಡ್ರೇ. ನೀವೇ ಕೂತಲ್ಲೇ ಇಳಿಸ್ಬೋದು.’

ನಾನು ಎರಡು ಆಳೆತ್ತರ ಹೋಗಿ ನೇತಾಡಿದೆ. ಮಗ ಪಕ್ಕದಲ್ಲೇ ಹಗ್ಗದ ಬಾಲ ಹಿಡಿದು ನಿಂತ. ಒಂದು ಕಾಲದಲ್ಲಿ ಕೊನೆ ಇಳಿಸೋಕೆ ನೇಣು ಹಿಡಿಸುತ್ತಿದ್ದ ಗೌಡರು, ಎರಡೂ ಕೈಯಲ್ಲಿ ಹಗ್ಗ ತೆಗೆದುಕೊಂಡರು. ಭಾರವೆಲ್ಲ ಬಳೆ ಹೊರುತ್ತೆ. ಕೈಗೆ ಬರೋದು ಒಂದು ಕೊಡ ನೀರಿಗಿಂತ ಕಡಿ̣ಮೆ. ಅದು ಅವರಿಗೆ ಒಂದು ಗಳಿಗೆಯಲ್ಲೇ ತಿಳೀತು. ನಾನು ಕಣ್ಣು ಮುಚ್ಚಿ, ತಲೆ ಜೋಲಿಸಿ, ಮಾತಾಡದೆ ಇದ್ದೆ. ಹಗ್ಗ ಗೇಣು ಗೇಣಾಗಿ ಬಂತು. ಕಾಲಿಗೆ ತರಗೆಲೆ ತಾಗಿತು.

ಚಹಾ ತಂದ ಆಯಿ ಹಳ್ಳದ ಸಂಕದ ಮೇಲೆ ನಿಂತೇ ಇದ್ದಳು. ಎಂಜಿನಿಯರಿಂಗ್ ಮಾತು ಎತ್ತಲಿಲ್ಲ.

ಓದುವವರಿಗೆ ಒಂದು ಮಾತು. ಇದನ್ನ ವಿಡಿಯೊ ನೋಡಿ ಕಲಿಯೋಕೆ ಹೋಗಬೇಡಿ. ಬಲ್ಲವರ ಎದುರಿಗೇ ಕಲಿಯಿರಿ. ಆದರೆ ನಿಮ್ಮ ತೋಟಕ್ಕೋ, ಅಪಾರ್ಟ್‌ಮೆಂಟಿನ ತೆಂಗಿನ ಮರಕ್ಕೋ ಯಾರಾದರೂ ಹತ್ತೋಕೆ ಬಂದರೆ, ಕೂಲಿ ಎಷ್ಟು ಅಂತ ಕೇಳೋಕೆ ಮೊದಲು ಆ ಇನ್ನೊಂದು ಪ್ರಶ್ನೆ ಕೇಳಿ. ಅದಕ್ಕೆ ತರಬೇತಿ ಬೇಕಿಲ್ಲ.

ಗೌಡರು ಹಗ್ಗವನ್ನ ಕೈಯಿಂದ ಬಿಟ್ಟಿರಲಿಲ್ಲ. ‘ಇನ್ನೊಂದ್ಸಲ ಹತ್ತಿ’ ಅಂದರು. ‘ಈ ಸಲ ಇನ್ನೂ ಮೆಲ್ಲಗೆ ಇಳಿಸ್ತೆ.’